ಮರಿ ಮುದ್ದಾಗಿದೆ, ಒಪ್ಪಿದೆ

ಸಾಗರ
ಭಾನುವಾರ ಸಂಜೆ

ಚಿ. ಸೌ. ರಶ್ಮಿಗೆ ಸೋದರಮಾವನ ಆಶೀರ್ವಾದಗಳು.

ಫೋಟೊ ನೋಡಿದೆ. ಮರಿ ಮುದ್ದಾಗಿದೆ, ಒಪ್ಪಿದೆ. 40 ದಿನಕ್ಕೆ ಯಾವ ಮರಿ ಮುದ್ದಾಗಿರುವುದಿಲ್ಲ ಹೇಳು. ಕತ್ತೆಯೂ ಮರಿಯಾಗಿದ್ದಾಗ ಚೆಂದವೇ. ವಿನಯ್ ಅವರ ಜಿಮ್ಮಿನ ಗೆಳೆಯ ಸ್ನೇಹದ ಬೆಲೆಗೆ ಕೊಡುತ್ತಾನೆ ಅಂದೆ. ಅನಘಾಗೆ ಮೂರು ವರ್ಷ, ದೀಪಾವಳಿ ಹೊತ್ತಿಗೆ ಇನ್ನೊಂದು ಕೂಸು ತೊಟ್ಟಿಲಿಗೆ ಬರುವುದಿದೆ. ‘ಮಾವಾ, ಮಕ್ಕಳಿರೋ ಮನೆಗೆ ಪಿಟ್‌ಬುಲ್ ಆಗುತ್ತಾ ಇಲ್ವಾ, ಒಂದೇ ಮಾತಲ್ಲಿ ಹೇಳಿ’ ಅಂತ ವಾಟ್ಸಾಪಿನಲ್ಲಿ ಕೇಳಿದ್ದೀಯ.

ಒಂದೇ ಮಾತು ಬೇಕಿದ್ದರೆ, ಬೇಡ. ಆದರೆ ನಮ್ಮ ಅಳಿಯಂದಿರು ನಾಳೆ ನಿನ್ನ ಮುಂದೆ ಹತ್ತು ವಿಡಿಯೊ ಹರವುತ್ತಾರೆ. ನಾಯಿಯ ಹೊಟ್ಟೆ ಮೇಲೆ ಮಲಗಿದ ಮಗು, ಮಗುವಿನ ಪಾದ ನೆಕ್ಕುವ ನಾಯಿ, ಹಿಂದೆ ಪಿಟೀಲು ಸಂಗೀತ. ಆಗ ‘ಮಾವ ಬೇಡ ಅಂದರು’ ಅನ್ನುವುದಷ್ಟೇ ನಿನ್ನ ಬಾಯಲ್ಲಿದ್ದರೆ ಸಾಲದು. ಅದಕ್ಕೇ ಮೆಸೇಜು ಬಿಟ್ಟು ಕಾಗದ ಹಿಡಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಆ ನಾಯಿಯ ವೈರಿಯಲ್ಲ. ಊರಿನ ಬಾಯಲ್ಲಿ ನಾನು ದನದ ಡಾಕ್ಟರು, ನಿಜ. ಆದರೂ ನನ್ನ ಮೇಜಿನ ಮೇಲೆ ನಾಯಿಗಳಿಗೇನೂ ಕಡಿಮೆ ಇರಲಿಲ್ಲ. ನನಗೆ ಗುರ್ರೆಂದವುಗಳಲ್ಲಿ ಹೆಚ್ಚಿನವು ಸೋಫಾದ ಮೇಲೆ ಬೆಳೆದ ಪೊಮೇರಿಯನ್ನುಗಳು. ನಾನು ನೋಡಿದ ಪಿಟ್‌ಬುಲ್ಲುಗಳು ಬಾಲದ ಜೊತೆ ಸೊಂಟವನ್ನೂ ಅಲ್ಲಾಡಿಸುತ್ತಾ ಬಂದು ಮಡಿಲಲ್ಲಿ ತಲೆ ಇಡುವಂಥವೇ. ಮನುಷ್ಯರನ್ನು ಅಷ್ಟು ಹಚ್ಚಿಕೊಳ್ಳುವ ನಾಯಿ ಅಪರೂಪ. ವಿನಯ್ ಹಾಗೆ ಹೇಳಿದರೆ ವಾದಿಸಬೇಡ, ಹೂಂ ಅನ್ನು.

ಆದರೆ ಅದು ಎಲ್ಲಿಂದ ಬಂದದ್ದು ಅನ್ನುವುದೂ ಗೊತ್ತಿರಲಿ. ಇಂಗ್ಲೆಂಡಿನಲ್ಲಿ ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿ ಬಿಡುವ ಆಟವಿತ್ತು. ಗೂಳಿಯ ಮೂಗಿಗೆ ಕಚ್ಚಿ ನೇತಾಡುವುದು ನಾಯಿಯ ಕೆಲಸ. ಎಷ್ಟು ಒದ್ದರೂ ಎಸೆದರೂ ಬಿಡದ ನಾಯಿಗೆ ಬೆಲೆ, ಅದರ ಮರಿಗಳಿಗೆ ಬೇಡಿಕೆ. 1835ರಲ್ಲಿ ಬ್ರಿಟಿಷ್ ಸಂಸತ್ತು ಈ ಕ್ರೌರ್ಯಕ್ಕೆ ಕಾನೂನಿನ ತಡೆ ಹಾಕಿತು. ಚಟ ಬಿಡಬೇಕಲ್ಲ? ಗೂಳಿ ಕಾಳಗ ಬಯಲು ಕೇಳುತ್ತದೆ, ನಾಯಿ ಕಾಳಗಕ್ಕೆ ನೆಲಮಾಳಿಗೆಯ ಒಂದು ಗುಂಡಿ ಸಾಕು. ಹಳೆಯ ಬುಲ್‌ಡಾಗಿನ ಹಿಡಿತಕ್ಕೆ ಟೆರಿಯರಿನ ಚುರುಕು, ಹಟ ಎರಡನ್ನೂ ಬೆರೆಸಿ ಗುಂಡಿಗೆ ಇಳಿಸುವ ನಾಯಿ ತಯಾರಾಯಿತು. ವಲಸೆ ಹೋದವರ ಜೊತೆ ಅದು ಅಮೆರಿಕ ಸೇರಿತು. 1898ರಲ್ಲಿ ಅಲ್ಲಿನ ಯುನೈಟೆಡ್ ಕೆನಲ್ ಕ್ಲಬ್ಬು ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಎಂದು ದಾಖಲು ಮಾಡಿಕೊಂಡಿತು. 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ಬು, ಅದೇ ಬೇರಿನ ನಾಯಿಗೆ ಮರ್ಯಾದಸ್ಥ ಹೆಸರಿರಲಿ ಎಂಬಂತೆ, ಸ್ಟ್ಯಾಫರ್ಡ್‌ಶೈರ್ ಟೆರಿಯರ್ ಎಂದು ಬರೆದುಕೊಂಡಿತು. ಈಗ ಪಿಟ್‌ಬುಲ್ ಅಂದರೆ ಇಂಥ ಮೂರು ನಾಲ್ಕು ತಳಿಗಳು, ಅವುಗಳ ಬೆರಕೆಗಳು ಎಲ್ಲ ಸೇರಿದ ಒಂದು ಗುಂಪು.

ಆ ಆಯ್ಕೆ ನಾಯಿಯೊಳಗೆ ಬಿಟ್ಟುಹೋದದ್ದು ಮನುಷ್ಯದ್ವೇಷವಲ್ಲ. ಹೋರಾಟದ ನಡುವೆ ಯಜಮಾನನೇ ಗುಂಡಿಗಿಳಿದು ಅದನ್ನು ಎತ್ತಿಕೊಳ್ಳಬೇಕಿತ್ತು, ಯಜಮಾನನಿಗೇ ಬಾಯಿ ಹಾಕುವ ನಾಯಿ ಅವನಿಗೆ ಬೇಡವಾಗಿತ್ತು. ಬಿಟ್ಟುಹೋದದ್ದು ಬೇರೆ. ಕಚ್ಚಿದರೆ ಹಿಡಿದುಕೊಳ್ಳುವುದು, ಹಿಡಿದು ಜಾಡಿಸುವುದು, ತನಗೆ ನೋವಾದರೂ ನಿಲ್ಲಿಸದಿರುವುದು. ಅದರ ದವಡೆಗೆ ಬೀಗ ಬೀಳುತ್ತದೆ ಅನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಎಲ್ಲ ನಾಯಿಗಳ ದವಡೆಯೂ ಒಂದೇ ರೀತಿ, ಅಂಥ ಕೀಲು ಯಾವ ನಾಯಿಗೂ ಇಲ್ಲ. ಬೀಗ ಇರುವುದು ದವಡೆಯಲ್ಲಲ್ಲ, ಸ್ವಭಾವದಲ್ಲಿ.

ಹಿಂದಿನ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಮಕ್ಕಳ ಆಯಾ ಅಂತಲೇ ಕರೆಯುತ್ತಿದ್ದರು ಅನ್ನುವ ಕಥೆಯೂ ನಿನ್ನ ಮುಂದೆ ಬರುತ್ತದೆ. ಹತ್ತೊಂಬತ್ತನೇ ಶತಮಾನದ ದಾಖಲೆಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಆ ಮಾತು ಹರಡಿದ್ದು 1970ರ ದಶಕದ ಪತ್ರಿಕಾ ಬರಹದಿಂದ. ಪಿಟ್‌ಬುಲ್‌ಗಳನ್ನು ಕಾಪಾಡುವ ಅಮೆರಿಕದ ಒಂದು ಸಂಸ್ಥೆಯೇ, ಈ ಕಥೆಯಿಂದ ಮಕ್ಕಳಿಗೆ ಅಪಾಯವಾಗುತ್ತದೆ, ಇನ್ನು ಹೇಳುವುದಿಲ್ಲ ಎಂದು ಅದನ್ನು ಕೈಬಿಟ್ಟಿತು. ಆ ನಾಯಿಯನ್ನು ಪ್ರೀತಿಸುವವರೇ ಹಾಗೆ ಹೇಳಿದ ಮೇಲೆ ಜಿಮ್ಮಿನ ಗೆಳೆಯನ ಮಾತಿಗೆ ಎಷ್ಟು ತೂಕ?

ಈಗ ವಿನಯ್ ಪರವಾಗಿ ನಾನೇ ವಾದ ಮಾಡುತ್ತೇನೆ, ಅವರಿಗೆ ಗೊತ್ತಿಲ್ಲದ್ದನ್ನೂ ಸೇರಿಸಿ. 2007ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್ ವರ್ಜೀನಿಯಾದ ತನ್ನ ಜಾಗದಲ್ಲಿ ನಾಯಿ ಕಾಳಗ ನಡೆಸುತ್ತಿದ್ದು ಬಯಲಾಯಿತು. ಅಲ್ಲಿ ಸಿಕ್ಕ ಐವತ್ತರಷ್ಟು ಪಿಟ್‌ಬುಲ್‌ಗಳನ್ನು ಸಾಯಿಸಿಬಿಡಿ ಎಂದು ಪ್ರಾಣಿದಯೆಯ ದೊಡ್ಡ ಸಂಸ್ಥೆಗಳೇ ಹೇಳಿದವು. ನ್ಯಾಯಾಲಯ ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಲು ಅವಕಾಶ ಕೊಟ್ಟಿತು. ಆಕ್ರಮಣಶೀಲತೆಯ ಕಾರಣಕ್ಕೆ ಸಾಯಿಸಬೇಕಾಗಿ ಬಂದದ್ದು ಒಂದನ್ನು ಮಾತ್ರ. 22 ನಾಯಿಗಳು ಯೂಟಾದ ಆಶ್ರಯಧಾಮಕ್ಕೆ ಹೋದವು. ಉಳಿದವುಗಳಲ್ಲಿ ಕೆಲವು ಮನೆ ಸೇರಿದವು, ಮಕ್ಕಳಿದ್ದ ಮನೆಗಳನ್ನೂ ಸೇರಿದವು. ಆಮೇಲೆ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ. 18 ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರನ್ನು ಕೇಳಿ, 2 ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿ ಓದಿ ನೋಡಿದರೆ, ಒಂದು ನಾಯಿಗೂ ಇನ್ನೊಂದಕ್ಕೂ ನಡತೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ಎಷ್ಟು ಬೇಗ ಕೆರಳುತ್ತದೆ ಅನ್ನುವುದಕ್ಕಂತೂ ತಳಿ ಹೆಚ್ಚೇನೂ ಸುಳಿವು ಕೊಡಲಿಲ್ಲ. ಇವೆರಡೂ ನಿಜ. ‘ಪಿಟ್‌ಬುಲ್ ಹುಟ್ಟಾ ರಾಕ್ಷಸ’ ಅನ್ನುವ ಟಿ.ವಿ. ಚರ್ಚೆಯವರ ಬಾಯಿ ಮುಚ್ಚಿಸಲು ಇಷ್ಟು ಸಾಕು.

ಇನ್ನೊಂದು ಕಡೆಯ ಲೆಕ್ಕ. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ಕಚ್ಚಿ ಸತ್ತವರಲ್ಲಿ, ತಳಿ ಗೊತ್ತಾದ 238 ಸಾವುಗಳನ್ನು ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದ್ದದ್ದು ಪಿಟ್‌ಬುಲ್ ಬಗೆಯ ನಾಯಿಗಳು ಮತ್ತು ರಾಟ್‌ವೈಲರ್‌ಗಳು. ಪಟ್ಟಿಯಲ್ಲಿ ಒಟ್ಟು 25 ತಳಿಗಳಿದ್ದವು. ಇದನ್ನೇ ಹಿಡಿದು ತಳಿ ನಿಷೇಧದ ಕಾನೂನು ಮಾಡಬೇಡಿ ಎಂದು ಬರೆದವರೇ ಎಚ್ಚರಿಸಿದ್ದಾರೆ. ಯಾವ ತಳಿಯ ನಾಯಿಗಳು ಒಟ್ಟು ಎಷ್ಟಿವೆ ಅನ್ನುವ ಲೆಕ್ಕ ಅಲ್ಲಿ ಇರಲಿಲ್ಲ, ಮುಖ ನೋಡಿ ತಳಿ ಹೇಳುವುದರಲ್ಲಿ ನನ್ನಂಥ ಪಶುವೈದ್ಯರೂ ಎಡವುತ್ತಾರೆ.

ಹಾಗಾದರೆ ಮಾವ ಬೇಡ ಅನ್ನುವುದೇಕೆ? ಇದು ಕಚ್ಚುವ ಸಂಭವ ಬೇರೆ ನಾಯಿಗಿಂತ ಹೆಚ್ಚೋ ಕಡಿಮೆಯೋ ಎಂಬ ಜಗಳಕ್ಕೆ ನಾನು ಹೋಗುವುದೇ ಇಲ್ಲ. ಕಚ್ಚಿದರೆ ಏನಾಗುತ್ತದೆ, ಯಾರಿಗೆ ಆಗುತ್ತದೆ, ನಾನು ನೋಡುವುದು ಅಷ್ಟೇ. ಪೊಮೇರಿಯನ್ ತಾಳ್ಮೆಗೆಟ್ಟು ಬಾಯಿ ಹಾಕಿದರೆ ಒಂದೆರಡು ಹೊಲಿಗೆ, ಚುಚ್ಚುಮದ್ದು, ಅಳು. ಇಪ್ಪತ್ತೈದು ಮೂವತ್ತು ಕಿಲೊ ತೂಗುವ, ಹಿಡಿದರೆ ಬಿಡದ ನಾಯಿ ಅದೇ ಒಂದು ಕ್ಷಣ ತಾಳ್ಮೆಗೆಟ್ಟರೆ ಲೆಕ್ಕ ಬೇರೆ. ಅನಘಾಳ ಎತ್ತರ ನೋಡು. ಅವಳ ಮುಖವೂ ನಾಯಿಯ ಬಾಯಿಯೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿವೆ. ದೊಡ್ಡವರಿಗೆ ಕಚ್ಚುವುದು ಕೈಗೆ, ಕಾಲಿಗೆ. ಪುಟ್ಟ ಮಕ್ಕಳಿಗೆ ಕೆನ್ನೆಗೆ, ತಲೆಗೆ, ಕುತ್ತಿಗೆಗೆ. ಮಗುವಿಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಬಿಡಿಸಲು ಬಂದವರಿಗೆ ಬಿಡಿಸಲು ಆಗುವುದಿಲ್ಲ.

2022ರ ಅಕ್ಟೋಬರಿನಲ್ಲಿ ಅಮೆರಿಕದ ಟೆನೆಸಿಯಲ್ಲಿ, ಮೆಂಫಿಸ್ ನಗರದ ಹೊರಗೆ ಒಂದು ಮನೆಯಲ್ಲಿ ಎರಡು ಪಿಟ್‌ಬುಲ್‌ಗಳು ಎರಡು ವರ್ಷದ ಮಗುವನ್ನೂ ಐದು ತಿಂಗಳ ಕೂಸನ್ನೂ ಕೊಂದವು. ಬಿಡಿಸಲು ಹೋದ ತಾಯಿ ಮೈಯೆಲ್ಲ ಗಾಯವಾಗಿ ಆಸ್ಪತ್ರೆ ಸೇರಿದಳು. ಅವು ಬೀದಿಯಿಂದ ನುಗ್ಗಿದವಲ್ಲ. ಎಂಟು ವರ್ಷದಿಂದ ಆ ಮನೆಯಲ್ಲೇ ಬೆಳೆದವು, ಮಕ್ಕಳು ಹುಟ್ಟುವ ಮೊದಲಿನಿಂದಲೂ ಇದ್ದವು. ಅದೇ ವರ್ಷ ಜುಲೈಯಲ್ಲಿ ಲಖನೌದ ಕೈಸರ್‌ಬಾಗ್‌ನಲ್ಲಿ 82 ವರ್ಷದ ನಿವೃತ್ತ ಶಿಕ್ಷಕಿಯನ್ನು ಮಗ ಸಾಕಿದ ಪಿಟ್‌ಬುಲ್ಲೇ ಮನೆಯೊಳಗೆ ಕಚ್ಚಿ ಕೊಂದಿತು. ಮಗ ಹೊರಗೆ ಹೋಗಿದ್ದ, ಅವರೊಬ್ಬರೇ ಇದ್ದರು. ನೀನು ಬಸುರಿ, ಇದನ್ನೆಲ್ಲ ನಿನಗೆ ಬರೆಯಬೇಕೇ ಅಂತ ಒಂದು ಗಳಿಗೆ ಪೆನ್ನು ಕೆಳಗಿಟ್ಟೆ. ಆದರೆ ಕೇಳಿದವಳು ನೀನು. ಇಂಥವು ಅಪರೂಪ ಅನ್ನುವುದೂ ನಿಜ. ಸಾವಿರಾರು ಮನೆಗಳಲ್ಲಿ ಏನೂ ಆಗದೆ ನಾಯಿ ಮುದಿಯಾಗಿ ಸಾಯುತ್ತದೆ. ಯಾವ ಮನೆಯಲ್ಲಿ ಆಗುತ್ತದೆ ಅನ್ನುವುದು ಆ ಮನೆಯವರಿಗೂ ಮೊದಲೇ ತಿಳಿದಿರುವುದಿಲ್ಲವಲ್ಲ, ನನಗೆ ಭಯವಿರುವುದು ಅಲ್ಲಿ.

ಪೂರ್ತಿ ತಿಳಿಯುವುದಿಲ್ಲ ಅಂತಲೂ ಅಲ್ಲ. ಅಮೆರಿಕದಲ್ಲೇ 2000ದಿಂದ 2009ರವರೆಗೆ ನಾಯಿ ಕಚ್ಚಿ ಆದ 256 ಸಾವುಗಳನ್ನು ಪೊಲೀಸರು, ಶವಪರೀಕ್ಷೆ ಮಾಡಿದವರನ್ನೆಲ್ಲ ಕೇಳಿ ಪರಿಶೀಲಿಸಿದ ಇನ್ನೊಂದು ಅಧ್ಯಯನವಿದೆ. ಶೇ 87ರಷ್ಟರಲ್ಲಿ ತಡೆಯಬಲ್ಲ ದೊಡ್ಡವರು ಪಕ್ಕದಲ್ಲಿರಲಿಲ್ಲ. ಶೇ 84ರಲ್ಲಿ ನಾಯಿಗೆ ಸಂತಾನಹರಣ ಆಗಿರಲಿಲ್ಲ. ಶೇ 77ರಲ್ಲಿ ಸತ್ತವರು ನಾಯಿಯೊಂದಿಗೆ ಹೇಗಿರಬೇಕೆಂದು ತಿಳಿಯದ ಎಳೆಯರು, ಇಲ್ಲವೇ ಕೈಲಾಗದವರು. ಶೇ 76ರಲ್ಲಿ ನಾಯಿ ಆ ಜಾಗದಲ್ಲಿತ್ತು ಅಷ್ಟೇ, ಮನೆಯವರ ಒಡನಾಟದಲ್ಲಿ ಇರಲಿಲ್ಲ. ಇಂಥ ಕಾರಣಗಳು ನಾಲ್ಕಾದರೂ ಒಟ್ಟಿಗೆ ಕೂಡಿದ್ದ ಸಾವುಗಳು ಶೇ 80.

ಈಗ ಈ ಪಟ್ಟಿ ಹಿಡಿದು ನಿಮ್ಮ ಮನೆಯೊಳಗೆ ಒಂದು ಸುತ್ತು ಬಾ. ಏಳನೇ ಮಹಡಿ, ಎರಡು ಬೆಡ್‌ರೂಮು. ನೀವಿಬ್ಬರೂ ಬೆಳಿಗ್ಗೆ ಹೊರಟರೆ ಟ್ರಾಫಿಕ್ಕಿನ ದಯೆ ಇದ್ದಾಗ ವಾಪಸು. ಹಗಲು ಅನಘಾಳನ್ನು ನೋಡಿಕೊಳ್ಳುವ ಲಕ್ಷ್ಮಮ್ಮನಿಗೆ ಗೇಟಿನ ಬಳಿಯ ಬೀದಿನಾಯಿ ಕಂಡರೇ ಕೈಕಾಲು ನಡುಕ. ಹಾಗಾದರೆ ಹಗಲೆಲ್ಲ ಆ ನಾಯಿ ಎಲ್ಲಿರುತ್ತದೆ? ಬಾಲ್ಕನಿಯಲ್ಲಿ, ಸರಪಳಿಯಲ್ಲಿ. ಗಂಟೆಗಟ್ಟಲೆ ಓಡಬೇಕಾದ, ಮೈಯೆಲ್ಲ ಸ್ನಾಯುವೇ ಆದ ಪ್ರಾಣಿ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಕೂತು ಎದುರು ಮನೆಯ ಕಿಟಕಿಗೆ ಬೊಗಳಿಕೊಂಡಿರುತ್ತದೆ. ಸಂಜೆ ಬಿಟ್ಟ ಕೂಡಲೇ ಅದು ಮನೆ ತುಂಬ ಹುಚ್ಚೆದ್ದು ಓಡುತ್ತದೆ, ಅನಘಾ ಕಿರುಚುತ್ತಾ ಅದರ ಮುಂದೆ ಓಡುತ್ತಾಳೆ. ದೀಪಾವಳಿಯ ಮೇಲೆ ತೊಟ್ಟಿಲಲ್ಲಿ ಇನ್ನೊಂದು ಹೊಸ ದನಿ. ಅದನ್ನು ಸಂತಾನಹರಣ ಮಾಡಿಸೋಣ ಅಂದರೆ ವಿನಯ್, ‘ಮರಿ ಹಾಕಿಸಬಹುದಲ್ಲ ಮಾವ’ ಅನ್ನುತ್ತಾರೆ. ಪಟ್ಟಿಯಲ್ಲಿ ಎಷ್ಟಕ್ಕೆ ಗುರುತು ಬಿತ್ತು, ನೀನೇ ಎಣಿಸು.

ಮರಿ ಬರುವ ದಾರಿಯೂ ನನಗೆ ಹಿಡಿಸಲಿಲ್ಲ. 40 ದಿನಕ್ಕೆ ಅದನ್ನು ತಾಯಿಯಿಂದ ಎಳೆದು ಕೊಡುತ್ತಿದ್ದಾರೆ. 2017ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇದು ಕಾಗದದ ತಕರಾರಲ್ಲ. ಹುಟ್ಟಿ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ನಾಯಿಮರಿಯ ಮನಸ್ಸು ತೆರೆದಿರುತ್ತದೆ. ಸ್ಕಾಟ್ ಮತ್ತು ಫುಲ್ಲರ್ ಎಂಬಿಬ್ಬರು ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಬರೆದದ್ದು ಇವತ್ತಿಗೂ ನಮ್ಮ ಪಾಠ. ಕಚ್ಚಾಟದಲ್ಲಿ ಎಷ್ಟು ಜೋರಾದರೆ ನೋವಾಗುತ್ತದೆ ಅನ್ನುವುದನ್ನು ಮರಿ ಕಲಿಯುವುದು ತಾಯಿಯ ಹತ್ತಿರ, ಒಡಹುಟ್ಟಿದವುಗಳ ಹತ್ತಿರ. ಆ ಶಾಲೆ ಅರ್ಧಕ್ಕೆ ಬಿಡಿಸಿದ ಮರಿಯನ್ನು ಮೂರು ವರ್ಷದ ಹುಡುಗಿಯ ಕೈಗೆ ಕೊಡುವುದು ಎಲ್ಲಿಯ ನ್ಯಾಯ? ಇನ್ನು ಆ ಅಪ್ಪನಾಯಿಯ ಫೋಟೊ. ಎರಡೂ ಕಿವಿ ಕತ್ತರಿಸಿ ಚೂಪು ಮಾಡಿದ್ದಾರೆ, ಕೊರಳಿಗೆ ಎರಡು ಬೆರಳು ದಪ್ಪದ ಚೈನು. ಕಿವಿ ಕತ್ತರಿಸುವವನು ನಾಯಿಯಲ್ಲಿ ಏನನ್ನು ಹುಡುಕುತ್ತಿದ್ದಾನೆ ಅನ್ನುವುದು ನನಗೆ ಗೊತ್ತು. ಎದೆಯ ಅಗಲ, ತಲೆಯ ಗಾತ್ರ, ನೋಡಿದವರ ಹೆದರಿಕೆ. ಶಾಂತ ಸ್ವಭಾವ ಅವನ ಪಟ್ಟಿಯಲ್ಲಿರುವುದಿಲ್ಲ. ಪಂಜಾಬ್, ಹರಿಯಾಣದ ಕಡೆ ಕಾನೂನಿಗೆ ವಿರುದ್ಧವಾಗಿ ಕದ್ದುಮುಚ್ಚಿ ನಡೆಯುವ ನಾಯಿ ಕಾಳಗದ ರಕ್ತ ಯಾವ ಮರಿಯಲ್ಲಿ ಬಂದಿದೆ ಅಂತ ಹೇಳುವವರು ಯಾರು?

‘ಹೈಕೋರ್ಟೇ ಸರಿ ಅಂದಿದೆ’ ಅಂತ ಆ ಗೆಳೆಯ ಹೇಳಿದನಂತೆ. ಹೈಕೋರ್ಟು ಹಾಗೆ ಹೇಳಿಲ್ಲ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ, ಪಿಟ್‌ಬುಲ್ ಸೇರಿ 23 ತಳಿಗಳ ಮಾರಾಟಕ್ಕೆ, ಸಾಕಣೆಗೆ ಪರವಾನಗಿ ಕೊಡಬೇಡಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ನಮ್ಮ ಹೈಕೋರ್ಟು ಏಪ್ರಿಲ್ 10ರಂದು ಅದನ್ನು ರದ್ದು ಮಾಡಿತು. ಸಂಬಂಧಪಟ್ಟ ಯಾರನ್ನೂ ಕೇಳದೆ, ಕಾನೂನಿನ ದಾರಿ ಬಿಟ್ಟು ಹೊರಡಿಸಿದ್ದೀರಿ, ಬೇಕಿದ್ದರೆ ಎಲ್ಲರ ಮಾತು ಕೇಳಿ ಮಾಡಿ ಎಂಬುದು ಅದರ ಸಾರ. ನನಗೂ ಆ ತೀರ್ಪು ಸರಿಯೆನಿಸಿತು. ತಳಿ ನಿಷೇಧದಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಬ್ರಿಟನ್ 1991ರಲ್ಲೇ ಪಿಟ್‌ಬುಲ್ ನಿಷೇಧಿಸಿತು. ಜನ ಅದೇ ರಕ್ತದಿಂದ ಅಮೆರಿಕದಲ್ಲಿ ಬೆಳೆಸಿದ ಇನ್ನೂ ದೊಡ್ಡ ಎಕ್ಸ್ಎಲ್ ಬುಲ್ಲಿ ತಂದುಕೊಂಡರು, ಸಾವುಗಳಾದವು, 2024ರ ಫೆಬ್ರುವರಿಯಿಂದ ಪರವಾನಗಿಯಿಲ್ಲದೆ ಅದನ್ನೂ ಸಾಕುವಂತಿಲ್ಲವಾಯಿತು. ಅಮೆರಿಕದ ಡೆನ್ವರ್ ನಗರದವರು 1989ರ ನಿಷೇಧವನ್ನು 2020ರಲ್ಲಿ ಮತ ಹಾಕಿ ತೆಗೆದುಹಾಕಿದರು. ಸರ್ಕಾರ ಏನು ಮಾಡಬೇಕು ಅನ್ನುವುದು ಒಂದು ಮಾತು, ರಶ್ಮಿ ಏನು ಮಾಡಬೇಕು ಅನ್ನುವುದು ಬೇರೆ ಮಾತು. ಕೋರ್ಟು ಸುತ್ತೋಲೆಯನ್ನು ಅಳೆಯಿತೇ ಹೊರತು ನಿಮ್ಮ ಮನೆಯ ತೊಟ್ಟಿಲನ್ನಲ್ಲ.

ಬೇರೆ ತಳಿ ತಂದರೆ ನಿಶ್ಚಿಂತೆ ಅಂದುಕೊಂಡೆಯೋ, ಅಲ್ಲಿ ಮತ್ತೆ ತಪ್ಪು. ಮಗು ನಾಯಿಯನ್ನು ಪ್ರೀತಿಸುವ ರೀತಿಯೇ ನಾಯಿಗೆ ಹಿಂಸೆ. ಕುತ್ತಿಗೆಗೆ ಜೋತುಬೀಳುತ್ತದೆ, ಮಲಗಿದ್ದಾಗ ಮೇಲೆ ಬೀಳುತ್ತದೆ, ತಿನ್ನುತ್ತಿದ್ದಾಗ ತಟ್ಟೆಗೆ ಕೈ ಹಾಕುತ್ತದೆ. ನಾಯಿ ಮೊದಲು ಮುಖ ತಿರುಗಿಸುತ್ತದೆ. ಹಸಿವಿಲ್ಲದೆ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆಯಿಲ್ಲದೆ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುತ್ತದೆ. ಆಮೇಲೆ ಕಲ್ಲಾಗಿ ನಿಲ್ಲುತ್ತದೆ. ನೀವು ಫೋಟೊ ತೆಗೆಯುವುದು ಸರಿಯಾಗಿ ಆ ಹೊತ್ತಿಗೇ, ‘ಎಷ್ಟು ಸುಮ್ಮನಿದೆ ನೋಡಿ’ ಅಂತ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು ಪುಟ್ಟ ಮಕ್ಕಳಿಗೆ ಹಲ್ಲು ಕಿರಿದ ನಾಯಿಯ ಚಿತ್ರ ತೋರಿಸಿದಾಗ ಅನೇಕ ಮಕ್ಕಳು ಅದು ನಗುತ್ತಿದೆ ಅಂದರು. ಅನಘಾಳೂ ಹಾಗೇ ಅನ್ನುತ್ತಾಳೆ. ಗುರ್ರೆಂದ ನಾಯಿಗೆ ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊಡೆದರೆ ಅದು ಗುರ್ರೆನ್ನುವುದನ್ನು ಬಿಡುತ್ತದೆ, ಕಚ್ಚುವುದನ್ನಲ್ಲ. ಆಮೇಲೆ ‘ಸದ್ದಿಲ್ಲದೆ ಕಚ್ಚಿತು’ ಅನ್ನುತ್ತಾರೆ.

ಒಲೆಯ ಮೇಲೆ ಎಸರು ಕುದಿಯುತ್ತಿರುವಾಗ ಅನಘಾಳನ್ನು ಅಡುಗೆಮನೆಯಲ್ಲಿ ಒಬ್ಬಳೇ ಬಿಟ್ಟು ಬಾಗಿಲು ತೆಗೆಯಲು ಹೋಗುತ್ತೀಯಾ? ಎಸರಿನ ಮೇಲೆ ಸಿಟ್ಟಿನಿಂದಲ್ಲ, ಆದರೂ ಅವಳನ್ನು ಎತ್ತಿಕೊಂಡೇ ಹೋಗುತ್ತೀಯ. ಯಾವ ನಾಯಿಯೇ ಇರಲಿ, ಮಗು ಆರೇಳು ವರ್ಷ ದಾಟುವವರೆಗೆ ಹಾಗೇ ನಡೆದುಕೊಳ್ಳಬೇಕು.

ನನ್ನ ಸಲಹೆ ಕೇಳು. ಹುಟ್ಟುವ ಕೂಸಿಗೆ ನಾಲ್ಕೈದು ವರ್ಷ ತುಂಬಲಿ. ಆಗಲೂ ನಾಯಿಯ ಆಸೆ ಉಳಿದಿದ್ದರೆ ಮರಿ ಬೇಡ, ಎರಡು ಮೂರು ವರ್ಷದ ದೊಡ್ಡ ನಾಯಿ ತನ್ನಿ. ಮರಿಯ ಸ್ವಭಾವ ಯಾರಿಗೂ ಗೊತ್ತಿಲ್ಲ, ದೊಡ್ಡದರ ಸ್ವಭಾವ ಸಾಕಿದವರಿಗೆ ಗೊತ್ತಿರುತ್ತದೆ. ಬೆಂಗಳೂರಿನ ಆಶ್ರಯಧಾಮಗಳಲ್ಲಿ ನಮ್ಮ ನಾಡನಾಯಿಗಳು ಕಾದು ಕೂತಿವೆ. ಮಕ್ಕಳನ್ನು ಕರೆದುಕೊಂಡು ನಾಲ್ಕಾರು ಸಲ ಹೋಗಿ ಬಂದು, ಯಾವುದು ಮಕ್ಕಳ ಗಲಾಟೆಗೆ ಎದ್ದುಹೋಗದೆ ನಿರಾಳವಾಗಿ ಕೂರುತ್ತದೆ ನೋಡಿ. ವಿನಯ್ ಮುಧೋಳ ನಾಯಿ ಅಂದರೂ ಒಪ್ಪಬೇಡ. ಅದು ಬಯಲಿನಲ್ಲಿ ಗಾಳಿಯ ಜೊತೆ ಓಡುವ ಜೀವ, ಲಿಫ್ಟಿನಲ್ಲಿ ಇಳಿದು ಪಾರ್ಕಿಂಗಿನಲ್ಲಿ ಸುತ್ತು ಹಾಕಲು ಹುಟ್ಟಿದ್ದಲ್ಲ.

ಇಷ್ಟು ಹೇಳಿದ ಮೇಲೂ ಮರಿ ಬಂದೇ ಬಿಟ್ಟರೆ ನಾನು ಮುನಿಸಿಕೊಂಡು ಕೂರುವುದಿಲ್ಲ, ಬಸ್ಸು ಹತ್ತಿ ಬರುತ್ತೇನೆ. ಎಂಟು ವಾರ ತುಂಬುವವರೆಗೆ ತಾಯಿಯ ಹತ್ತಿರವೇ ಇರಲಿ. ಪ್ರಾಯಕ್ಕೆ ಬಂದಾಗ ಸಂತಾನಹರಣ ಆಗಲೇಬೇಕು. ಮರಿಯಿರುವಾಗಲೇ ಬಾಯಿಕುಕ್ಕೆ ಅಭ್ಯಾಸ ಮಾಡಿಸಬೇಕು. ಹೊಡೆಯದೆ ಕಲಿಸುವ ತರಬೇತಿದಾರರನ್ನು ಹುಡುಕಬೇಕು. ಹಾಲಿಗೂ ಮಕ್ಕಳ ಕೋಣೆಗೂ ನಡುವೆ ಎತ್ತರದ ಗೇಟು. ನೀವಿಬ್ಬರಲ್ಲೊಬ್ಬರು ಕಣ್ಣಿಟ್ಟು ಕೂತಿರದಿದ್ದರೆ ಮಗುವೂ ನಾಯಿಯೂ ಒಂದೇ ಕೋಣೆಯಲ್ಲಿರಕೂಡದು. ಕಣ್ಣಿಡುವುದು ಅಂದರೆ ಮೊಬೈಲು ನೋಡುತ್ತಾ ಅಲ್ಲ. ಲಕ್ಷ್ಮಮ್ಮನ ಸುಪರ್ದಿಗಂತೂ ಒಂದು ನಿಮಿಷವೂ ಬಿಡಬೇಡಿ, ಆ ಹೆಂಗಸು ಮಾಡಿದ ಪಾಪವೇನು? ನಿರ್ಲಕ್ಷ್ಯದಿಂದ ಸಾಕುಪ್ರಾಣಿ ಯಾರಿಗಾದರೂ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಅದನ್ನೂ ವಿನಯ್ ಕಿವಿಗೆ ಹಾಕು.

ನಾಯಿ ತರಲಿ ಬಿಡಲಿ, ಇದೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡು. ಯಾವ ನಾಯಿ ಕಚ್ಚಿದರೂ, ಪರಚಿದರೂ, ಹರಿಯುವ ನೀರಿನ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಯುವುದು. ಅರಿಶಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಕೂಡದು. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಶುರು. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬುಲಿನ್ ಕೊಡಿಸಲು ಕೇಳಬೇಕು. ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬಾರದು.

ಈ ಕಾಗದವನ್ನು ನೀನು ಓದಿ ಹೇಳಬೇಡ, ವಿನಯ್ ಕೈಗೇ ಕೊಡು. ಗೆಳೆಯನಿಗೆ ಇನ್ನೂ ಮುಂಗಡ ಕೊಟ್ಟಿಲ್ಲ ತಾನೆ? ಕೊಟ್ಟಿದ್ದರೆ ಹೋಯಿತು ಅಂದುಕೊಳ್ಳಲಿ. ಅವರಿಗೆ ನನ್ನ ಮಾತು ಸರಿಬರದಿದ್ದರೆ ಫೋನ್ ಮಾಡಲಿ, ಜಗಳ ಆಡೋಣ. ಬೆಳಿಗ್ಗೆ ಹತ್ತರ ಮೇಲೆ ಮಾಡಲಿ, ಅಲ್ಲಿಯವರೆಗೆ ಕೊಟ್ಟಿಗೆಯಲ್ಲಿರುತ್ತೇನೆ.

ಆರೋಗ್ಯ ನೋಡಿಕೋ. ನಿನ್ನ ಅತ್ತೆ ಸೀಮಂತಕ್ಕೆ ಬರುವಾಗ ಅಪ್ಪೆಮಿಡಿ ಭರಣಿ ತರುತ್ತಾಳಂತೆ.

ಇತಿ,
ನಿನ್ನ ಮಾವ